ಘಮ ಉಳಿಸಿ ಸೊಪ್ಪು ಒಣಗಿಸುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪುದೀನ, ಕರಿಬೇವು, ತುಳಸಿ, ಮಜ್ಜಿಗೆ ಹುಲ್ಲು, ಮೆಂತ್ಯ ಸೊಪ್ಪು ಕೈತೋಟದಲ್ಲಿ ಹುಲುಸಾಗಿ ಬಂದಾಗ ಒಣಗಿಸಿಡುವುದು ಹೇಗೆ ಎಂದು ಕೇಳಿದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ತಾರಸಿಯ ಮೇಲೆ ಪುದೀನ ಸೊಪ್ಪನ್ನು ಎರಡು ದಿನ ಬಿಸಿಲಿಗೆ ಹರವಿದ್ದೆ. ಗರಿಗರಿಯಾಗಿಯೇನೋ ಒಣಗಿತು. ಆದರೆ ಒಣಹುಲ್ಲಿನ ಬಣ್ಣ ಬಂದಿದೆ, ವಾಸನೆ ಹೆಸರಿಗೂ ಇಲ್ಲ. ಎಲ್ಲಿ ತಪ್ಪಿತು?
(ಓದುಗರು, ಹಾಸನ)

ಉತ್ತರ: ತಪ್ಪಿದ್ದು ಬಿಸಿಲಿನಲ್ಲೇ. ಪುದೀನದ ಘಮವೆಲ್ಲ ಎಲೆಯ ಮೇಲ್ಮೈಯಲ್ಲಿ, ಅದರಲ್ಲೂ ಹೆಚ್ಚಾಗಿ ಎಲೆಯ ಹಿಂಬದಿಯಲ್ಲಿ ಇರುವ ಸಣ್ಣ ಸಣ್ಣ ಎಣ್ಣೆ ಗ್ರಂಥಿಗಳಲ್ಲಿದೆ. ಭೂತಗನ್ನಡಿ ಹಿಡಿದು ನೋಡಿದರೆ ಮಿನುಗುವ ಚುಕ್ಕಿಗಳಂತೆ ಕಾಣುತ್ತವೆ. ಅವುಗಳ ಮೇಲಿರುವುದು ಬಲು ತೆಳುವಾದ ಪೊರೆ. ಕೈಯಲ್ಲಿ ಸ್ವಲ್ಪ ಉಜ್ಜಿದರೂ ಒಡೆಯುತ್ತದೆ, ಹಾಗಾಗಿಯೇ ಪುದೀನ ಮುಟ್ಟಿದ ಕೂಡಲೇ ಘಮ್ಮೆನ್ನುವುದು. ಬಿಸಿಲು ಕಾದ ತಾರಸಿಯ ಕಾಂಕ್ರೀಟ್ ಮಧ್ಯಾಹ್ನ 50 ಡಿಗ್ರಿ ದಾಟಿಬಿಡುತ್ತದೆ. ಆ ಬಿಸಿಗೆ ನೀರಿನ ಜೊತೆ ಎಣ್ಣೆಯೂ ಹಾರಿಹೋಗುತ್ತದೆ. ಮೇಲಿಂದ ನೇರ ಬೆಳಕು ಬಿದ್ದು ಎಲೆಯ ಹಸಿರು ಕಳೆಯುತ್ತದೆ. ಒಣಗಿಸುವ ಕೆಲಸವೆಂದರೆ ನೀರನ್ನು ಬೇಗ ಕಳಿಸಿ ಎಣ್ಣೆಯನ್ನು ಎಲೆಯಲ್ಲೇ ಉಳಿಸಿಕೊಳ್ಳುವುದು. ಅದಕ್ಕೆ ಬೇಕಾದ್ದು ನೆರಳು, ಆಡುವ ಗಾಳಿ, ಮತ್ತು 35ರಿಂದ 40 ಡಿಗ್ರಿಯ ಹದವಾದ ಬೆಚ್ಚಗೆ.

ಮುಂದಿನ ಸಲ ಹೀಗೆ ಮಾಡಿ. ಗಿಡ ಹೂ ಬಿಡುವ ಮೊದಲೇ, ಮೊಗ್ಗು ಕಾಣುವ ಹೊತ್ತಿಗೆ ಕೊಯ್ಯಿರಿ. ಎಣ್ಣೆಯ ಅಂಶ ಚೆನ್ನಾಗಿರುವುದು ಆಗ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವುದಕ್ಕೆ ಮುಂಚೆ, ಅಂದರೆ ಎಂಟರಿಂದ ಹತ್ತರೊಳಗೆ ಕೊಯ್ದರೆ ಒಳ್ಳೆಯದು. ಮಣ್ಣಿನ ಧೂಳಿದ್ದರೆ ಹಿಂದಿನ ಸಂಜೆಯೇ ಗಿಡದ ಮೇಲೆ ನೀರು ಚಿಮುಕಿಸಿ ತೊಳೆದುಬಿಡಿ. ಆಗ ಕೊಯ್ದ ಮೇಲೆ ತೊಳೆಯುವ ತಾಪತ್ರಯವಿಲ್ಲ. ಪೇಟೆಯಿಂದ ತಂದ ಕಟ್ಟಾದರೆ ತೊಳೆಯದೆ ವಿಧಿಯಿಲ್ಲ: ಅಗಲ ಪಾತ್ರೆಯಲ್ಲಿ ಎರಡು ಮೂರು ಸಲ ನೀರು ಬದಲಿಸಿ ಅದ್ದಿ ತೆಗೆಯಿರಿ, ತಳದಲ್ಲಿ ಮರಳು ಕಾಣದಾಗುವವರೆಗೆ. ಆಮೇಲೆ ಒಂದು ಹಳೆಯ ಪಂಚೆಯಲ್ಲಿ ಸೊಪ್ಪನ್ನು ಸಡಿಲವಾಗಿ ಕಟ್ಟಿ ನೀರು ಹಾರುವಂತೆ ಬೀಸಿ ಕೊಡವಿ. ಹಿಂಡಬೇಡಿ. ಎಲೆಯ ಮೇಲೆ ನೀರಿನ ಹನಿ ನಿಂತ ಜಾಗವೇ ಮೊದಲು ಕಪ್ಪಾಗುವುದು.

ಇನ್ನು ಹರವುವುದು. ಸ್ಟೀಲ್ ತಟ್ಟೆಯಲ್ಲಿ ಹರವಿದರೆ ಎಲೆಯ ಅಡಿಯಲ್ಲಿ ಬೆವರು ನಿಲ್ಲುತ್ತದೆ. ಬಿದಿರಿನ ತಡಿಕೆ, ಅಗಲ ಜರಡಿ, ಅಥವಾ ಸೊಳ್ಳೆ ಪರದೆಯ ಬಲೆಯನ್ನು ಚೌಕಟ್ಟಿಗೆ ಬಿಗಿದದ್ದು ಬೇಕು. ಕೆಳಗಿಂದಲೂ ಗಾಳಿ ಆಡಬೇಕು. ಎಲೆಗಳು ಒಂದರ ಮೇಲೊಂದು ಬೀಳದಂತೆ ಒಂದೇ ಪದರವಿರಲಿ. ಎರಡು ಅಡಿಗೆ ಮೂರು ಅಡಿಯ ತಡಿಕೆಗೆ ಕಾಲು ಕಿಲೋ ಹಸಿ ಎಲೆ ಸಾಕು, ಅದಕ್ಕಿಂತ ಹೆಚ್ಚು ಹಾಕಿದರೆ ನಡುವಿನ ಎಲೆ ಕುಳಿತು ಕಂದುತ್ತದೆ. ಮೇಲೆ ತೆಳ್ಳನೆಯ ಮಲ್ ಬಟ್ಟೆ ಹೊದಿಸಿ, ಫ್ಯಾನನ್ನು ನಿಧಾನದ ವೇಗದಲ್ಲಿ ಬಿಟ್ಟ ಕೋಣೆಯಲ್ಲಿಡಿ. ದಿನಕ್ಕೆರಡು ಸಲ ಬೆರಳ ತುದಿಯಿಂದ ತಿರುವಿ. ಒಣ ಹವೆಯಲ್ಲಿ ಮೂರು ನಾಲ್ಕು ದಿನ ಹಿಡಿಯುತ್ತದೆ.

ತಡಿಕೆ ಇಡಲು ಜಾಗವಿಲ್ಲದವರು ಕಡ್ಡಿ ಸಮೇತ ಎಂಟು ಹತ್ತು ಕುಡಿಗಳ ಚಿಕ್ಕ ಕಟ್ಟು ಮಾಡಿ ತಲೆಕೆಳಗಾಗಿ ತೂಗುಹಾಕಬಹುದು. ಕಟ್ಟಲು ದಾರಕ್ಕಿಂತ ರಬ್ಬರ್ ಬ್ಯಾಂಡ್ ಲೇಸು. ಕಡ್ಡಿ ಒಣಗಿ ಸಪೂರವಾದಾಗ ದಾರ ಸಡಿಲಾಗಿ ಕುಡಿಗಳು ಉದುರುತ್ತವೆ, ರಬ್ಬರ್ ತಾನೇ ಬಿಗಿದುಕೊಳ್ಳುತ್ತದೆ.

ದಿನಪತ್ರಿಕೆಯ ಮೇಲೆ ಹರವುವ ಅಭ್ಯಾಸ ಬಹಳ ಮನೆಗಳಲ್ಲಿದೆ. ದಯವಿಟ್ಟು ಬಿಡಿ. ಒದ್ದೆ ಎಲೆಗೆ ಮುದ್ರಣದ ಶಾಯಿ ಅಂಟುತ್ತದೆ. ದಿನಪತ್ರಿಕೆಯಲ್ಲಿ ತಿನ್ನುವ ವಸ್ತು ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಎಚ್ಚರಿಸಿದೆ.

ಪ್ರಶ್ನೆ: ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ. ಕರಿಬೇವನ್ನು ನೆರಳಲ್ಲಿ ಒಂದು ವಾರ ಇಟ್ಟರೂ ಮೆತ್ತಗೇ ಇರುತ್ತದೆ, ಕೊನೆಗೆ ಕಪ್ಪಾಗಿ ಬೂಸ್ಟು ಬರುತ್ತದೆ. ಅಟ್ಟದ ಮೇಲೆ ಇಡಬಹುದೆ? ಮನೆಯಲ್ಲಿ ಅಡಿಕೆ ಡ್ರೈಯರ್ ಇದೆ, ಅದರಲ್ಲಿ ಒಣಗಿಸಬಹುದೆ?
(ಓದುಗರು, ಸಾಗರ ತಾಲೂಕು)

ಉತ್ತರ: ಮಲೆನಾಡಿನ ಮಳೆಗಾಲದಲ್ಲಿ ಬರೀ ಗಾಳಿಗೆ ಯಾವ ಸೊಪ್ಪೂ ಪೂರ್ತಿ ಒಣಗದು, ನೀವು ಒಂದು ತಿಂಗಳು ಇಟ್ಟರೂ ಅಷ್ಟೆ. ಗಾಳಿಯಲ್ಲಿ ಎಷ್ಟು ತೇವವಿದೆಯೋ ಅದಕ್ಕೆ ಸಮನಾಗುವವರೆಗೆ ಮಾತ್ರ ಎಲೆ ನೀರು ಬಿಡುತ್ತದೆ, ಆಮೇಲೆ ನಿಲ್ಲುತ್ತದೆ. ಬೂಸ್ಟು ಬೆಳೆಯದೆ ಸೊಪ್ಪು ಉಳಿಯಬೇಕಾದರೆ ಸುತ್ತಲ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 60ರ ಕೆಳಗಿರಬೇಕು. ಆಷಾಢದಲ್ಲಿ ನಿಮ್ಮಲ್ಲಿ ಅದು ಶೇ 90ರ ಹತ್ತಿರವಿರುತ್ತದೆ.

ದಾರಿಯೇನೆಂದರೆ ಗಾಳಿಯನ್ನು ಬೆಚ್ಚಗೆ ಮಾಡುವುದು. 25 ಡಿಗ್ರಿಯಲ್ಲಿ ಶೇ 90 ಆರ್ದ್ರತೆಯಿರುವ ಗಾಳಿಯನ್ನು 40 ಡಿಗ್ರಿಗೆ ಕಾಯಿಸಿದರೆ ಅದರ ಆರ್ದ್ರತೆ ಶೇ 40ಕ್ಕೆ ಇಳಿಯುತ್ತದೆ. ಗಾಳಿಯಲ್ಲಿರುವ ನೀರು ಅಷ್ಟೇ ಇರುತ್ತದೆ, ಆದರೆ ಬಿಸಿ ಗಾಳಿಗೆ ಇನ್ನಷ್ಟು ನೀರು ಹಿಡಿಯುವ ಶಕ್ತಿ ಬಂದಿರುತ್ತದೆ. ಹೆಚ್ಚು ಕಾಯಿಸಬೇಕಿಲ್ಲ, ಹದಿನೈದು ಡಿಗ್ರಿ ಏರಿಸಿದರೆ ಸಾಕು. ಕಾದ ಗಾಳಿ ಹೊರಹೋಗಲು ದಾರಿಯೂ ಇರಬೇಕು, ಇಲ್ಲವಾದರೆ ಎಲೆಯಿಂದ ಬಿಟ್ಟ ತೇವ ಅಲ್ಲೇ ಸುತ್ತುತ್ತದೆ.

ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಹೊಗೆಯೂ ಅಲ್ಲೇ ಸೇರುತ್ತದೆ. ಹುಳಿಸಿಪ್ಪೆ, ಮೆಣಸಿನಕಾಯಿಗೆ ಹೊಗೆ ನಡೆಯುತ್ತದೆ. ಕರಿಬೇವು ಪುದೀನ ಹೊಗೆಯ ವಾಸನೆಯನ್ನು ಬೇಗ ಹೀರಿಕೊಳ್ಳುತ್ತವೆ, ಆಮೇಲೆ ಏನು ಮಾಡಿದರೂ ಹೋಗದು. ಬಚ್ಚಲ ಒಲೆಯ ಮಗ್ಗುಲೂ ಬೇಡ, ಅಲ್ಲಿ ಬಿಸಿಯ ಜೊತೆ ಹಬೆಯೂ ಇದೆ. ಗ್ಯಾಸ್ ಒಲೆಯಿರುವ ಅಡುಗೆಮನೆಯ ಮೇಲಿನ ಅಟ್ಟಕ್ಕೂ ಇದೇ ಮಾತು: ಅಡುಗೆಯ ಹಬೆ ಅಲ್ಲಿಗೇ ಏರುತ್ತದೆ.

ಅಡಿಕೆ ಡ್ರೈಯರ್ ಅಡಿಕೆಗೆಂದು ಉರಿಸಿದಾಗ ಸೊಪ್ಪಿಗೆ ತೀರಾ ಬಿಸಿಯಾಗುತ್ತದೆ. ಬೆಂಕಿ ಆರಿಸಿದ ಮೇಲೆ ಉಳಿಯುವ ಕಾವು ಸೊಪ್ಪಿಗೆ ಹೇಳಿ ಮಾಡಿಸಿದ್ದು. ಹೊಗೆ ಒಳಗೆ ಬಾರದ, ಕೊಳವೆಯ ಮೂಲಕ ಬಿಸಿಯಾಗುವ ಡ್ರೈಯರ್ ನಿಮ್ಮದಾದರೆ, ಒಳಗೆ ಉಷ್ಣಮಾಪಕ ತೂಗುಹಾಕಿ 50ಕ್ಕಿಂತ ಕೆಳಗಿಳಿದ ಮೇಲೆ ಕರಿಬೇವಿನ ತಡಿಕೆ ಇಡಿ, 40ಕ್ಕಿಳಿದ ಮೇಲೆ ಪುದೀನ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೆಗೆದು ನೋಡಿ. ಬಾಗಿಲು ಬೆರಳಗಲ ತೆರೆದಿರಲಿ.

ಡ್ರೈಯರ್ ಇಲ್ಲದವರಿಗೆ ಹಳೆಯ ಮರದ ಕಪಾಟು ಸಾಕು. ತಳದಲ್ಲೊಂದು, ಮೇಲ್ತುದಿಯಲ್ಲೊಂದು ಎರಡಂಗುಲದ ತೂತು ಕೊರೆಸಿ. ತಳದಲ್ಲಿ 60 ವ್ಯಾಟಿನ ಹಳೆಯ ಮಾದರಿಯ ತಂತಿ ಬಲ್ಬ್ ಹಾಕಿ. ಎಲ್‌ಇಡಿ ಬಲ್ಬಿನಿಂದ ಈ ಕೆಲಸವಾಗದು, ಅದರಲ್ಲಿ ಕಾವಿಲ್ಲ. ಬಲ್ಬಿನ ಮೇಲೆ ಒಣ ಎಲೆ ಉದುರಿದರೆ ಹೊತ್ತಿಕೊಳ್ಳುವ ಅಪಾಯವಿದೆ, ಹಾಗಾಗಿ ಅರ್ಧ ಅಡಿ ಮೇಲೆ ಒಂದು ಸ್ಟೀಲ್ ತಟ್ಟೆಯನ್ನು ಅಡ್ಡವಾಗಿ, ಬದಿಗಳಲ್ಲಿ ಗಾಳಿಗೆ ಜಾಗ ಬಿಟ್ಟು, ಕಡ್ಡಾಯವಾಗಿ ಕೂರಿಸಿ. ತಡಿಕೆಗಳು ಬಲ್ಬಿನಿಂದ ಒಂದೂವರೆ ಅಡಿ ದೂರವಿರಲಿ. ಮೊದಲ ದಿನ ಖಾಲಿ ಕಪಾಟಿನಲ್ಲಿ ಉಷ್ಣಮಾಪಕ ಇಟ್ಟು ಎಷ್ಟಕ್ಕೆ ನಿಲ್ಲುತ್ತದೆಂದು ನೋಡಿ. 45 ದಾಟಿದರೆ ಕಡಿಮೆ ವ್ಯಾಟಿನ ಬಲ್ಬ್ ಹಾಕಿ, 35 ಮುಟ್ಟದಿದ್ದರೆ ಮೇಲಿನ ತೂತನ್ನು ಅರ್ಧ ಮುಚ್ಚಿ. ಮನೆಯಲ್ಲಿ ಯಾರೂ ಇಲ್ಲದಾಗ ಉರಿಸಬೇಡಿ.

ಕರಿಬೇವಿನ ಬಗ್ಗೆ ಇನ್ನೆರಡು ಮಾತು. ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಒಳಗೆಲ್ಲ ತಿಳಿಯಾದ ಸಣ್ಣ ಚುಕ್ಕಿಗಳು ಕಾಣುತ್ತವೆ. ನಿಂಬೆ, ಕಿತ್ತಳೆಯ ಕುಟುಂಬದ ಗಿಡವಾದ್ದರಿಂದ ಇದರ ಎಣ್ಣೆ ಎಲೆಯ ಒಳಗಿದೆ, ಪುದೀನದಂತೆ ಮೇಲಲ್ಲ. ಆದ್ದರಿಂದ ಕರಿಬೇವು 45ರಿಂದ 50 ಡಿಗ್ರಿಯವರೆಗೂ ತಡೆದುಕೊಳ್ಳುತ್ತದೆ, ಐದಾರು ಗಂಟೆಯಲ್ಲಿ ಒಣಗುತ್ತದೆ. ಎಲೆಯನ್ನು ಕಡ್ಡಿಯಿಂದ ಬಿಡಿಸಿಯೇ ಹರವಿ. ಎಲೆ ಒಣಗಿದ ಮೇಲೂ ಕಡ್ಡಿ ಹಸಿಯಾಗಿರುತ್ತದೆ, ಡಬ್ಬಿಗೆ ಹೋದ ಮೇಲೆ ಆ ತೇವ ಎಲೆಗೆ ಮರಳುತ್ತದೆ. ಬಿಡಿಸುವಾಗ ಎಲೆಯನ್ನು ಮಡಚಬೇಡಿ, ಮಡಿಕೆ ಬಿದ್ದ ಗೆರೆಯುದ್ದಕ್ಕೂ ಕಪ್ಪಾಗುತ್ತದೆ. ಬಣ್ಣ ಉಳಿಯಲೆಂದು ಕುದಿನೀರಿಗೆ ಅದ್ದಿ ತೆಗೆಯುವ ಕ್ರಮವೊಂದಿದೆ. ಹಸಿರು ಉಳಿಯುತ್ತದೆ, ಘಮ ಇಳಿಯುತ್ತದೆ. ಒಗ್ಗರಣೆಗೆ ಬೇಕಾದ್ದು ಘಮ, ಆದ್ದರಿಂದ ಮನೆಬಳಕೆಗೆ ಅದನ್ನು ನಾವು ಶಿಫಾರಸು ಮಾಡುವುದಿಲ್ಲ.

ಬೂಸ್ಟು ಬಂದ ಸೊಪ್ಪನ್ನು ಬಿಸಿಲಿಗೆ ಹಾಕಿ, ಕೊಡವಿ ಬಳಸುವವರಿದ್ದಾರೆ. ಅದು ಸಲ್ಲದು. ಬೂಸ್ಟು ಬಿಟ್ಟ ವಿಷ ಬಿಸಿಲಿಗೂ ಒಗ್ಗರಣೆಯ ಕಾವಿಗೂ ಪೂರ್ತಿ ಹೋಗುವುದಿಲ್ಲ. ಗೊಬ್ಬರದ ಗುಂಡಿಗೆ ಹಾಕಿಬಿಡಿ.

ಪ್ರಶ್ನೆ: ಒಣಗಿದ್ದು ಸಾಕೋ ಇಲ್ಲವೋ ತಿಳಿಯುವುದು ಹೇಗೆ? ಕೈಗೆ ಗರಿಗರಿ ಅನಿಸಿದ್ದನ್ನು ಡಬ್ಬಿಗೆ ಹಾಕಿದ ಮೇಲೆ ಮೆತ್ತಗಾಗುತ್ತದೆ.
(ಓದುಗರು, ಶಿರಸಿ)

ಉತ್ತರ: ಅಡುಗೆಮನೆಯ ತಕ್ಕಡಿ ಇದ್ದರೆ ಊಹೆಯೇ ಬೇಡ. ಹರವುವ ಮುಂಚೆ ಬಿಡಿಸಿದ ಎಲೆ 100 ಗ್ರಾಂ ತೂಗಿ, ಅಷ್ಟನ್ನು ತಡಿಕೆಯ ಒಂದು ಮೂಲೆಯಲ್ಲಿ ಬೇರೆಯಾಗಿಡಿ. ಪುದೀನ 16-17 ಗ್ರಾಂಗೆ, ಕೊತ್ತಂಬರಿ ಸೊಪ್ಪು ಸುಮಾರು 13ಕ್ಕೆ, ಮೆಂತ್ಯ ಸೊಪ್ಪು 15ರ ಆಸುಪಾಸಿಗೆ, ಕರಿಬೇವು 38-39ಕ್ಕೆ ಇಳಿದರೆ ಆಯಿತೆಂದು ಲೆಕ್ಕ. ಎಳೆಯ ಎಲೆಯಲ್ಲಿ ನೀರು ಹೆಚ್ಚು, ಬಲಿತದ್ದರಲ್ಲಿ ಕಡಿಮೆ. ಹಾಗಾಗಿ ಒಂದೆರಡು ಗ್ರಾಂ ಆಚೀಚೆ ಆದೀತು. ಎರಡು ಗಂಟೆ ಬಿಟ್ಟು ಮತ್ತೆ ತೂಗಿದಾಗ ತೂಕ ಬದಲಾಗದಿದ್ದರೆ ಅದೇ ಖಾತ್ರಿ.

ತಕ್ಕಡಿ ಇಲ್ಲದಿದ್ದರೆ ಎಲೆಯನ್ನಲ್ಲ, ತೊಟ್ಟನ್ನು ನೋಡಿ. ಎಲೆಯ ಅಂಚು ಮೊದಲು ಒಣಗುತ್ತದೆ, ನಡುನರ ಮತ್ತು ತೊಟ್ಟು ಕೊನೆಗೆ. ತೊಟ್ಟು ಬಾಗದೆ ಪಟ್ಟೆಂದು ಮುರಿಯಬೇಕು. ನೀವು ಕೈಯಲ್ಲಿ ಮುಟ್ಟಿ ನೋಡಿದ್ದು ಅಂಚನ್ನು. ಡಬ್ಬಿಯೊಳಗೆ ನಡುನರದ ತೇವ ಹರಡಿಕೊಂಡು ಇಡೀ ಎಲೆ ಮೆತ್ತಗಾಗಿದೆ.

ಆದ್ದರಿಂದ ಒಣಗಿದ ಸೊಪ್ಪನ್ನು ನೇರ ಕಪಾಟಿಗೆ ಸೇರಿಸಬೇಡಿ. ಗಾಜಿನ ಬಾಟಲಿಗೆ ಮುಕ್ಕಾಲು ತುಂಬಿ, ಮುಚ್ಚಳ ಬಿಗಿದು, ಒಂದು ವಾರ ಕಣ್ಣೆದುರಿಗಿಡಿ. ದಿನಕ್ಕೊಮ್ಮೆ ಅಲ್ಲಾಡಿಸಿ. ಒಳಗೋಡೆಯಲ್ಲಿ ಮಂಜು ಕಂಡರೆ, ಅಥವಾ ಎಲೆಗಳು ಒಂದಕ್ಕೊಂದು ಅಂಟಿಕೊಂಡರೆ, ಅಂದೇ ಹೊರತೆಗೆದು ಮತ್ತೆ ಒಣಗಿಸಿ. ವಾರ ಕಳೆದರೂ ಗಲಗಲ ಅನ್ನುತ್ತಿದ್ದರೆ ಬಾಟಲಿಯನ್ನು ಕಂಠಮಟ್ಟ ತುಂಬಿ ಕತ್ತಲೆಗೆ ಸೇರಿಸಿ.

ಪ್ರಶ್ನೆ: ಮನೆಯ ಮೆಂತ್ಯ ಸೊಪ್ಪನ್ನು ಒಣಗಿಸಿದರೆ ಕಸೂರಿ ಮೇಥಿಯ ವಾಸನೆ ಬರುವುದಿಲ್ಲ. ಒಣಗಿಸುವ ಗುಟ್ಟೇನಾದರೂ ಇದೆಯೆ?
(ಓದುಗರು, ಕಲಬುರಗಿ)

ಉತ್ತರ: ಗುಟ್ಟಿಲ್ಲ, ಗಿಡವೇ ಬೇರೆ. ರಾಜಸ್ಥಾನದ ನಾಗೌರ್ ಸೀಮೆಯಲ್ಲಿ ಹೆಚ್ಚಾಗಿ ಬೆಳೆಯುವ ಕಸೂರಿ ಮೇಥಿ ನಮ್ಮ ಪಲ್ಯದ ಮೆಂತ್ಯದ ದಾಯಾದಿ: ಎಲೆ ಚಿಕ್ಕದು, ಗಿಡ ಕುಳ್ಳು, ಬೆಳವಣಿಗೆ ನಿಧಾನ, ವಾಸನೆ ಗಾಢ. ಅದರ ಬೀಜ ಬಿತ್ತನೆ ಬೀಜದ ಅಂಗಡಿಗಳಲ್ಲಿ ಕಸೂರಿ ಎಂದೇ ಸಿಗುತ್ತದೆ. ಅಕ್ಟೋಬರ್ ಕೊನೆಯಲ್ಲಿ ಬಿತ್ತಿ, ನಿಮ್ಮ ಕಡೆ ಚಳಿ ಇರುವಷ್ಟು ದಿನ ಕೊಯ್ದುಕೊಳ್ಳಿ. ಬೇಸಿಗೆ ಕಾಲಿಟ್ಟ ಮೇಲೆ ಅದು ಹೂವಿಗೆ ತಿರುಗುತ್ತದೆ.

ಸಾಮಾನ್ಯ ಮೆಂತ್ಯವನ್ನೂ ಒಣಗಿಸಿಟ್ಟರೆ ನಷ್ಟವಿಲ್ಲ, ಘಮ ಮಾತ್ರ ಸೌಮ್ಯ. ಎಲೆಯನ್ನಷ್ಟೇ ಬಿಡಿಸಿ, ದಂಟು ಸೇರಿದರೆ ಕಹಿ ಏರುತ್ತದೆ. ಬಳಸುವ ಮುಂಚೆ ಬಿಸಿ ತವೆಯ ಮೇಲೆ, ಉರಿ ಆರಿಸಿದ ನಂತರ, ಅರ್ಧ ನಿಮಿಷ ಬೆಚ್ಚಗೆ ಮಾಡಿ ಅಂಗೈಯಲ್ಲಿ ತಿಕ್ಕಿ ಹಾಕಿ.

ನಿಮ್ಮ ಊರಿನ ಹವೆ ಈ ಕೆಲಸಕ್ಕೆ ವರ. ಮಾರ್ಚ್, ಏಪ್ರಿಲ್‌ನಲ್ಲಿ ಕಿಟಕಿ ತೆರೆದ ನೆರಳಿನ ಕೋಣೆಯೇ 36-38 ಡಿಗ್ರಿ ಇರುತ್ತದೆ, ಗಾಳಿ ಒಣ. ಎರಡೇ ದಿನದಲ್ಲಿ ಹಸಿರು ಕೆಡದೆ ಒಣಗುತ್ತದೆ. ಯಂತ್ರಕ್ಕೆ ದುಡ್ಡು ಹಾಕಬೇಡಿ. ಬಿಸಿಲು ಇದೆಯೆಂದು ತಾರಸಿಗೂ ಒಯ್ಯಬೇಡಿ.

ಪ್ರಶ್ನೆ: ದೊಡ್ಡಪತ್ರೆ ಒಣಗಿಸಿದರೆ ಯಾವಾಗಲೂ ಕಪ್ಪಗೆ, ಅಂಟಂಟಾಗಿ ಬರುತ್ತದೆ.
(ಓದುಗರು, ಉಡುಪಿ)

ಉತ್ತರ: ಎಲೆಯ ತುಂಬ ನೀರು. ನೂರಕ್ಕೆ ತೊಂಬತ್ತಕ್ಕೂ ಮೇಲೆ ನೀರೇ ಇರುವ ದಪ್ಪ ಎಲೆಯಲ್ಲಿ ಒಳಗಿನ ನೀರು ಹೊರಬರುವಷ್ಟರಲ್ಲಿ ಜೀವಕೋಶಗಳು ಸತ್ತು, ಅವುಗಳೊಳಗಿನ ರಸ ಬೆರೆತು ಕಪ್ಪಾಗುತ್ತದೆ. ಅರ್ಧ ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಹೆಚ್ಚಿ ವಿದ್ಯುತ್ ಡ್ರೈಯರ್‌ನಲ್ಲಿ 45 ಡಿಗ್ರಿಯಲ್ಲಿಟ್ಟರೆ ಒಣಗಿಸಬಹುದು. ಆದರೆ ಕತ್ತರಿಸಿದ ಕಡೆಯೆಲ್ಲ ಎಣ್ಣೆ ಹಾರಿ, ಒಂದು ಬುಟ್ಟಿ ಎಲೆಗೆ ಸಿಗುವುದು ಘಮ ಅರ್ಧವಾದ ಒಂದು ಹಿಡಿ. ಅಷ್ಟು ಕಷ್ಟ ಪಡುವ ಗಿಡವಲ್ಲ ಇದು. ವರ್ಷವಿಡೀ ಚಿಗುರುತ್ತದೆ, ಒಂದು ಗೇಣು ಕಡ್ಡಿ ಚುಚ್ಚಿದರೆ ಎರಡು ವಾರದಲ್ಲಿ ಬೇರು ಬಿಡುತ್ತದೆ. ಇನ್ನೊಂದು ಕುಂಡಕ್ಕೆ ಕಡ್ಡಿ ಚುಚ್ಚಿ, ಬೇಕಾದಾಗ ಹಸಿಯದನ್ನೇ ತಂಬುಳಿಗೆ ಬಳಸಿ. ತಂಬುಳಿಗೆಂದು ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿದ ಎಲೆ ಫ್ರಿಜ್‌ನಲ್ಲಿ ಎರಡು ಮೂರು ದಿನ ಇರುತ್ತದೆ.

ಪ್ರಶ್ನೆ: ಕೊತ್ತಂಬರಿ ಸೊಪ್ಪು, ಸಬ್ಬಸಿಗೆ ಒಣಗಿಸಿಡಬಹುದೆ?
(ಓದುಗರು, ಬೆಂಗಳೂರು)

ಉತ್ತರ: ಕೊತ್ತಂಬರಿ ಬೇಡ. ಅದರ ವಾಸನೆಯ ಅಂಶ ನೀರಿನ ಜೊತೆಗೇ ಹೋಗುವಂಥದ್ದು. ನೆರಳಲ್ಲಿ ಎಷ್ಟು ಜೋಪಾನವಾಗಿ ಒಣಗಿಸಿದರೂ ಉಳಿಯುವುದು ಬಣ್ಣ ಮಾತ್ರ. ತೊಳೆದು, ನೀರಾರಿಸಿ, ಸಣ್ಣಗೆ ಹೆಚ್ಚಿ, ಐಸ್ ತಟ್ಟೆಯ ಗುಳಿಗಳಿಗೆ ಒತ್ತಿ ತುಂಬಿ, ಮುಳುಗುವಷ್ಟೇ ನೀರು ಹಾಕಿ ಫ್ರೀಜರ್‌ನಲ್ಲಿಡಿ. ಗಟ್ಟಿಯಾದ ಮೇಲೆ ಗಟ್ಟಿಗಳನ್ನು ಗಾಳಿಯಾಡದ ಚೀಲಕ್ಕೆ ಹಾಕಿ. ಮೂರು ತಿಂಗಳು ಸಾರಿಗೆ, ಹುಳಿಗೆ ನೇರ ಬಳಸಬಹುದು. ಮೇಲೆ ಉದುರಿಸಲು ಮಾತ್ರ ಬಾರದು. ಸಬ್ಬಸಿಗೆ 35 ಡಿಗ್ರಿ ಮೀರದಂತೆ ಒಣಗಿಸಿದರೆ ಅಷ್ಟಿಷ್ಟು ಘಮ ಉಳಿಸಿಕೊಳ್ಳುತ್ತದೆ. ಆದರೂ ಅದಕ್ಕೂ ಫ್ರೀಜರೇ ಮೇಲು.

ಪ್ರಶ್ನೆ: ಮೈಕ್ರೋವೇವ್‌ನಲ್ಲಿ ಒಣಗಿಸುವ ಕ್ರಮ ತಿಳಿಸಿ. ಓವನ್‌ನಲ್ಲಿ ಪ್ರಯತ್ನಿಸಿದಾಗ ಪುದೀನ ಸುಟ್ಟ ವಾಸನೆ ಬಂತು.
(ಓದುಗರು, ಮೈಸೂರು)

ಉತ್ತರ: ಮನೆಬಳಕೆಯ ಬಹುತೇಕ ಓವನ್‌ಗಳ ಅತಿ ಕಡಿಮೆ ಬಿಸಿಯೇ 60 ಡಿಗ್ರಿಗಿಂತ ಮೇಲಿರುತ್ತದೆ, ಪುದೀನಕ್ಕೆ ಅದು ವಿಪರೀತ. ಮೈಕ್ರೋವೇವ್ ಒಂದು ಹಿಡಿ ಎಲೆಗೆ ಚೆನ್ನ, ಅದಕ್ಕಿಂತ ಹೆಚ್ಚಿಗೆ ಅಲ್ಲ. ಅಚ್ಚಿಲ್ಲದ ಬಿಳಿ ಟಿಶ್ಯೂ ಕಾಗದದ ಮೇಲೆ, ನೀರು ಪೂರ್ತಿ ಆರಿದ ಎಲೆಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ, ಮೇಲೊಂದು ಟಿಶ್ಯೂ ಹೊದಿಸಿ. ಮೊದಲು 40 ಸೆಕೆಂಡು, ಆಮೇಲೆ 20-20 ಸೆಕೆಂಡಿನಂತೆ. ಪ್ರತಿ ಸಲವೂ ಬಾಗಿಲು ತೆರೆದು ಹಬೆ ಬಿಟ್ಟು, ಕೆಳಗಿನ ಕಾಗದ ಒದ್ದೆಯಾಗಿದ್ದರೆ ಬದಲಿಸಿ. ಎಲೆ ಒಣಗುತ್ತಾ ಬಂದಂತೆ ಅದರಲ್ಲಿ ಕಾವು ಹೀರುವ ನೀರು ಉಳಿಯುವುದಿಲ್ಲ, ಆ ಹಂತದಲ್ಲಿ ಹತ್ತು ಸೆಕೆಂಡು ಹೆಚ್ಚಾದರೂ ಸುಡುತ್ತದೆ, ಕಾಗದಕ್ಕೂ ಕಿಡಿ ಹತ್ತಬಹುದು. ಮುಂದೆ ನಿಂತೇ ಮಾಡಬೇಕಾದ ಕೆಲಸ. ಮುಕ್ಕಾಲು ಒಣಗಿದಾಗಲೇ ತೆಗೆದು ಉಳಿದದ್ದನ್ನು ಫ್ಯಾನಿನ ಗಾಳಿಗೆ ಬಿಟ್ಟರೆ ನಿಶ್ಚಿಂತೆ. ಬಣ್ಣದ ಮಟ್ಟಿಗೆ ಹೇಳುವುದಾದರೆ ಅಚ್ಚ ಹಸಿರು ಉಳಿಯುವುದು ಈ ಕ್ರಮದಲ್ಲೇ.

ಪ್ರಶ್ನೆ: ಒಣಗಿಸಿದ ತುಳಸಿ, ಮಜ್ಜಿಗೆ ಹುಲ್ಲು, ಕರಿಬೇವು ಎಲ್ಲ ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಕವರುಗಳಲ್ಲಿವೆ. ಆರು ತಿಂಗಳಲ್ಲಿ ಕರಿಬೇವಿನಲ್ಲಿ ಕಂದು ಬಣ್ಣದ ಪುಟ್ಟ ಹುಳ ಬಿದ್ದಿದೆ, ತುಳಸಿಯ ವಾಸನೆ ಹೋಗಿದೆ. ಫ್ರಿಜ್‌ನಲ್ಲಿಡಬೇಕಿತ್ತೆ? ಪುಡಿ ಮಾಡಿಟ್ಟರೆ ಒಳ್ಳೆಯದೆ?
(ಓದುಗರು, ಧಾರವಾಡ)

ಉತ್ತರ: ಪುಡಿ ಮಾಡಿಡುವುದು ಬೇಡವೇ ಬೇಡ. ಇಡೀ ಎಲೆ ವರ್ಷ ತಡೆದರೆ ಅದರ ಪುಡಿ ನಾಲ್ಕೈದು ತಿಂಗಳಿಗೆ ಸಪ್ಪಗಾಗುತ್ತದೆ. ಪುಡಿ ಮಾಡಿದಾಗ ಎಣ್ಣೆ ಗ್ರಂಥಿಗಳೆಲ್ಲ ಒಡೆದು ಗಾಳಿಗೆ ತೆರೆದುಕೊಳ್ಳುತ್ತವೆ. ಎಲೆಯಾಗಿಯೇ ಇಟ್ಟು, ವಾರಕ್ಕೆ ಬೇಕಾದಷ್ಟನ್ನು ಮಾತ್ರ ಪುಡಿ ಮಾಡಿಕೊಳ್ಳಿ.

ತುಳಸಿಯ ವಾಸನೆ ಹೋದದ್ದು ಪ್ಲಾಸ್ಟಿಕ್ ಕವರಿನಿಂದ. ತೆಳು ಪಾಲಿಥೀನ್ ನೀರನ್ನು ತಡೆಯುತ್ತದೆ, ಸುಗಂಧದ ಎಣ್ಣೆಯನ್ನು ತಡೆಯುವುದಿಲ್ಲ. ಹೊರಗಿಂದ ಕವರನ್ನು ಮೂಸಿದಾಗಲೇ ತುಳಸಿ ಘಮ್ಮೆಂದರೆ ಘಮ ಸೋರಿ ಹೋಗುತ್ತಿದೆಯೆಂದೇ ತಿಳಿಯಿರಿ. ಗಾಜಿನ ಬಾಟಲಿ ಎಲ್ಲಕ್ಕಿಂತ ಒಳ್ಳೆಯದು, ಆದರೆ ಕಪಾಟಿನ ಕತ್ತಲೆಯಲ್ಲಿರಬೇಕು. ಸ್ಟೀಲ್ ಡಬ್ಬಿಯಾದರೆ ಮುಚ್ಚಳ ಬಿಗಿಯಾಗಿರಬೇಕು. ದೊಡ್ಡ ಡಬ್ಬಿಯಲ್ಲಿ ತಳದಲ್ಲಿಷ್ಟು ಸೊಪ್ಪು ಇಡುವುದಕ್ಕಿಂತ, ಉಪ್ಪಿನಕಾಯಿಯ ಚಿಕ್ಕ ಬಾಟಲಿಗಳನ್ನು ಚೆನ್ನಾಗಿ ತೊಳೆದು, ಹಳೆಯ ವಾಸನೆ ಹೋದದ್ದನ್ನು ಖಚಿತಪಡಿಸಿಕೊಂಡು, ಕಂಠಮಟ್ಟ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದು ತೆರೆಯಿರಿ. ಮುಚ್ಚಳದ ಮೇಲೆ ಸೊಪ್ಪಿನ ಹೆಸರು, ಒಣಗಿಸಿದ ತಿಂಗಳು ಬರೆದಿಡಿ.

ಒಲೆಯ ಪಕ್ಕದ ಗೂಡು ಕೈಗೆ ಹತ್ತಿರ, ಸೊಪ್ಪಿಗೆ ಮಾತ್ರ ಶತ್ರು. ಕುದಿಯುವ ಪಾತ್ರೆಯ ಮೇಲೆ ಬಾಟಲಿ ಬಗ್ಗಿಸಿ ಉದುರಿಸುವುದೂ ಅಷ್ಟೇ ಕೆಟ್ಟದ್ದು, ಒಂದೊಂದು ಸಲಕ್ಕೂ ಒಂದಿಷ್ಟು ಹಬೆ ಒಳಗೆ ಹೋಗುತ್ತದೆ. ಒಣ ಚಮಚದಲ್ಲಿ ತೆಗೆದು ಹಾಕಿ.

ಹುಳದ ವಿಷಯ. ಕಂದು ಬಣ್ಣದ, ಎರಡು ಮೂರು ಮಿಲಿಮೀಟರಿನ ಗುಂಡನೆಯ ಜೀರುಂಡೆ ಧನಿಯ, ಮೆಣಸಿನಪುಡಿ, ಅರಿಸಿನಕ್ಕೆಲ್ಲ ಬೀಳುವಂಥದ್ದು. ಅದರ ಮೊಟ್ಟೆ ಒಣಗಿಸುವಾಗಲೇ ಬಂದಿರಬಹುದು, ಪಕ್ಕದ ಡಬ್ಬಿಯಿಂದಲೂ ಬಂದಿರಬಹುದು. ಹುಳ ಕಂಡ ಡಬ್ಬಿಯನ್ನು ಪೂರ್ತಿ ಎಸೆದು, ಅದರ ಜೊತೆಗಿದ್ದ ಮಸಾಲೆಗಳನ್ನೆಲ್ಲ ಜಾಲಿಸಿ ನೋಡಿ. ಮುಂದೆ ಹಾಗಾಗದಿರಲು, ಒಣಗಿಸಿ ಬಾಟಲಿಗೆ ತುಂಬಿದ ಕೂಡಲೇ ಮುಚ್ಚಳ ಬಿಗಿದು ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇಡಿ. ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ಹೊರತೆಗೆದ ಬಾಟಲಿ ಕೋಣೆಯ ಬಿಸಿಗೆ ಬರುವವರೆಗೆ, ಅಂದರೆ ಮೂರು ನಾಲ್ಕು ಗಂಟೆ, ಮುಚ್ಚಳ ತೆರೆಯಬಾರದು. ತಣ್ಣಗಿರುವಾಗಲೇ ತೆರೆದರೆ ಹೊರಗಿನ ಗಾಳಿಯ ತೇವ ಎಲೆಯ ಮೇಲೆ ಹನಿಗಟ್ಟುತ್ತದೆ, ಇಷ್ಟು ದಿನದ ಕೆಲಸ ಒಂದು ಗಳಿಗೆಯಲ್ಲಿ ಹಾಳು.

ಇದೇ ಕಾರಣಕ್ಕೆ ದಿನಬಳಕೆಯ ಬಾಟಲಿಗೆ ಫ್ರಿಜ್ ಬೇಡ. ದಿನಕ್ಕೆ ನಾಲ್ಕು ಸಲ ತೆಗೆದು ತೆರೆಯುವುದಾದರೆ ಹೊರಗಿನ ತಂಪು ಕಪಾಟೇ ಸರಿ. ದಾಸ್ತಾನಿನ ಬಾಟಲಿಗಳನ್ನು ಬೇಕಾದರೆ ಫ್ರಿಜ್‌ನಲ್ಲಿಡಿ.

ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಬಗ್ಗೆ ಹಲವರು ಕೇಳಿದ್ದಾರೆ. ಆಹಾರಕ್ಕೆಂದೇ ಮಾರುವ ಬಿಳಿಯ ಹರಳಿನ ಪೊಟ್ಟಣವನ್ನು, ಒಡೆಯದಂತೆ ನೋಡಿಕೊಂಡು, ಬಳಸಬಹುದು. ತೇವ ಹೀರಿದಾಗ ಗುಲಾಬಿಗೆ ತಿರುಗುವ ನೀಲಿ ಹರಳು ಅಡುಗೆಮನೆಗೆ ತರಬೇಡಿ, ಆ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ವಿಷ. ಒಂದು ಮಾತು ನೆನಪಿರಲಿ, ಸರಿಯಾಗಿ ಒಣಗದ ಸೊಪ್ಪನ್ನು ಒಣಗಿಸುವ ಶಕ್ತಿ ಆ ಪೊಟ್ಟಣಕ್ಕಿಲ್ಲ.

ಪ್ರಶ್ನೆ: ಮಜ್ಜಿಗೆ ಹುಲ್ಲನ್ನು ಹೆಚ್ಚಿ ಒಣಗಿಸಬೇಕೋ, ಇಡಿಯಾಗಿಯೋ? ತುಳಸಿಯ ಜೊತೆ ಕಷಾಯಕ್ಕೆ ಎಷ್ಟು ಹಾಕಬೇಕು?
(ಓದುಗರು, ಕೊಪ್ಪ)

ಉತ್ತರ: ಇಡಿಯಾಗಿ. ನೆಲದಿಂದ ಒಂದು ಗೇಣಿನಷ್ಟು ಬಿಟ್ಟು ಕೊಯ್ದು, ಬುಡದ ಕಂದಿದ ಗರಿಗಳನ್ನು ತೆಗೆದು, ಎರಡು ಬೆರಳು ದಪ್ಪದ ಸಿವುಡು ಕಟ್ಟಿ ನೆರಳಲ್ಲಿ ತೂಗುಹಾಕಿ. ಗರಿ ತೆಳುವಾದ್ದರಿಂದ ಹೆಚ್ಚದೆಯೂ ನಾಲ್ಕೈದು ದಿನದಲ್ಲಿ ಒಣಗುತ್ತದೆ. ಆಮೇಲೆ ಕತ್ತರಿಯಲ್ಲಿ ಅಂಗುಲದ ತುಂಡು ಮಾಡಿ ತುಂಬಿಡಿ. ಬುಡದ ಬಿಳಿ ದಂಟು ಒಣಗಿಸಲು ಬಾರದು, ಹಸಿಯಾಗಿಯೇ ಜಜ್ಜಿ ಬಳಸಿ.

ತುಳಸಿಯನ್ನು ಕದಿರು ಆಗ ತಾನೇ ಮೂಡುವಾಗ, ತುದಿಯ ಅರ್ಧ ಅಡಿಯಷ್ಟು ಚಿವುಟಿಕೊಂಡು ಪುದೀನದಂತೆಯೇ ಒಣಗಿಸಿ. ಕೃಷ್ಣ ತುಳಸಿ ಒಣಗಿದಾಗ ಕಪ್ಪು ನೇರಳೆಯಾಗುವುದು ಸಹಜ, ಕೆಟ್ಟಿತೆಂದು ಎಸೆಯಬೇಡಿ. ಬೂಸ್ಟಿನ ಕಮಟು ಇಲ್ಲದಿದ್ದರೆ ಸರಿ.

ದೊಡ್ಡ ಲೋಟ, ಅಂದರೆ 200 ಮಿಲಿಲೀಟರ್ ನೀರಿಗೆ ಒಂದು ಚಹಾ ಚಮಚ ಒಣ ತುಳಸಿ, ಎರಡು ಚಮಚ ಮಜ್ಜಿಗೆ ಹುಲ್ಲಿನ ತುಂಡು. ಕಷಾಯದ ಪುಡಿ, ಬೆಲ್ಲ ಹಾಕಿ ಕುದಿಸಿ, ಉರಿ ಆರಿಸಿದ ಮೇಲೆ ಇವನ್ನು ಹಾಕಿ, ತಟ್ಟೆ ಮುಚ್ಚಿ ಐದು ನಿಮಿಷ ಬಿಡಿ. ಜೊತೆಗೇ ಕುದಿಸಿದರೆ ಅಡುಗೆಮನೆ ಘಮಘಮಿಸುತ್ತದೆ, ಲೋಟದಲ್ಲಿ ಏನೂ ಉಳಿಯದು. ಬೇರೆ ಅಡುಗೆಗಳಲ್ಲಿ ಹಸಿ ಸೊಪ್ಪು ಮೂರು ಚಮಚ ಹಾಕುವಲ್ಲಿ ಒಣಗಿದ್ದು ಒಂದು ಚಮಚ ಲೆಕ್ಕ.

ಪ್ರಶ್ನೆ: ಕರಿಬೇವು, ಪುದೀನವನ್ನು ಕೊಬ್ಬರಿ ಎಣ್ಣೆಯಲ್ಲೋ ಕಡಲೆಕಾಯಿ ಎಣ್ಣೆಯಲ್ಲೋ ಮುಳುಗಿಸಿ ಬಾಟಲಿಯಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆಂದು ಕೇಳಿದ್ದೇವೆ. ನಿಜವೆ?
(ಓದುಗರು, ಮಂಗಳೂರು)

ಉತ್ತರ: ಹಸಿ ಸೊಪ್ಪನ್ನು, ಹಸಿ ಬೆಳ್ಳುಳ್ಳಿಯನ್ನು ಹಾಗೆ ಹೊರಗಿಡುವುದು ಅಪಾಯಕರ. ಎಣ್ಣೆಯೊಳಗೆ ಗಾಳಿಯಿಲ್ಲ, ಎಲೆಯಲ್ಲಿ ನೀರಿದೆ, ಹುಳಿಯಿಲ್ಲ. ಮಣ್ಣಿನಿಂದ ಬರುವ ಬೊಟುಲಿಸಂ ರೋಗಾಣು ಬೆಳೆಯಲು ಇಂಥ ಜಾಗವೇ ಬೇಕು. ಅದು ಬಿಡುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನರಗಳನ್ನು ನಿಶ್ಚಲಗೊಳಿಸಿ ಜೀವ ತೆಗೆಯಬಲ್ಲದು. ಹಸಿ ಸೊಪ್ಪು ಹಾಕಿದ ಎಣ್ಣೆಯನ್ನು ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ, ಅಥವಾ ಐಸ್ ತಟ್ಟೆಯಲ್ಲಿ ಗಟ್ಟಿ ಮಾಡಿ ಫ್ರೀಜರ್‌ಗೆ ಹಾಕಿ. ಪೂರ್ತಿ ಒಣಗಿದ ಎಲೆಯಲ್ಲಿ ಆ ರೋಗಾಣುವಿಗೆ ಬೇಕಾದ ನೀರಿರುವುದಿಲ್ಲ.

ಪ್ರಶ್ನೆ: ದವನ, ಮರುಗ ಬೆಳೆದಿದ್ದೇವೆ. ಹೂಮಾಲೆಗೆ ಬಳಸಿ ಉಳಿದದ್ದನ್ನು ಬಟ್ಟೆಯ ಬೀರುವಿನಲ್ಲಿಡಲು ಒಣಗಿಸುವುದು ಹೇಗೆ?
(ಓದುಗರು, ತುಮಕೂರು)

ಉತ್ತರ: ದವನ ಒಣಗಿದ ಮೇಲೂ ಘಮ ಬಿಟ್ಟುಕೊಡದ ಗಿಡ. ಬೆಳಿಗ್ಗೆ ಬುಡ ಸಮೇತ ಕೊಯ್ದು, ಮಣ್ಣು ಕೊಡವಿ, ತೊಳೆಯದೆ, ಚಿಕ್ಕ ಕಟ್ಟುಗಳಾಗಿ ನೆರಳಲ್ಲಿ ತೂಗುಹಾಕಿ. ಬೂದುಹಸಿರಿನ ರೋಮ ತುಂಬಿದ ಎಲೆಯಾದ್ದರಿಂದ ನೀರು ತಾಗಿಸಿದರೆ ಆರುವುದು ನಿಧಾನ. ಒಂದು ವಾರದ ಮೇಲೆ ಎಲೆ ಉದುರಿಸಿ ತೆಳು ಹತ್ತಿ ಬಟ್ಟೆಯ ಚೀಲಕ್ಕೆ ಸಡಿಲವಾಗಿ ತುಂಬಿ. ಮರುಗ ಇದಕ್ಕಿಂತ ಬೇಗ ಒಣಗುತ್ತದೆ, ಘಮ ಬೇಗ ಇಳಿಯುತ್ತದೆ. ಎರಡನ್ನೂ ಬೆರೆಸುವುದಾದರೆ ದವನ ಎರಡು ಪಾಲು, ಮರುಗ ಒಂದು ಪಾಲು. ಲಾವಂಚದ ಬೇರು ಸಿಕ್ಕರೆ ಮಣ್ಣು ಹೋಗುವಂತೆ ತೊಳೆದು, ನೆರಳಲ್ಲಿ ಒಣಗಿಸಿ, ಒಂದು ಹಿಡಿ ಸೇರಿಸಿ. ಚೀಲವನ್ನು ರೇಷ್ಮೆ ಸೀರೆಗೆ ನೇರ ತಾಗಿಸದೆ ಬೀರುವಿನ ಮೂಲೆಯಲ್ಲಿಡಿ, ಎಣ್ಣೆಯ ಕಲೆ ಬಿದ್ದೀತು. ಘಮ ಮಂಕಾದಾಗ ಚೀಲವನ್ನು ಕೈಯಲ್ಲಿ ಒಮ್ಮೆ ಹಿಸುಕಿ. ಹಾಗೆ ಹಿಸುಕಿದಾಗಲೂ ವಾಸನೆ ಬಾರದಿದ್ದರೆ ಹೊಸದು ತುಂಬಿ.